ಸೊಳ್ಳೆ ಬ್ಯಾಟು

ಬ್ಯಾಡ್ಮಿಂಟನ್ ಬ್ಯಾಟಿನ ಆಕಾರದ, ಹಿಡಿಯೊಳಗೆ ಬ್ಯಾಟರಿ ಇರುವ, ಗುಂಡಿ ಒತ್ತಿ ಬೀಸಿದಾಗ ತಂತಿಬಲೆಗೆ ತಾಗಿದ ಸೊಳ್ಳೆ, ನೊಣ, ನುಸಿಗಳನ್ನು ವಿದ್ಯುತ್ ಕಿಡಿಯಿಂದ ಕೊಲ್ಲುವ ಮನೆಬಳಕೆಯ ಸಾಧನ. ವಿದ್ಯುತ್ತಿನಿಂದ ಕೀಟ ಕೊಲ್ಲುವ ಪ್ರಯತ್ನಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯುದ್ದಕ್ಕೂ ಕೊಲ್ಲುವ ಬಲಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಯಾವ ಕೀಟವನ್ನು ಕೊಲ್ಲಬೇಕೆಂಬ ವಿವೇಚನೆಗೆ. ಅದನ್ನು ಯಂತ್ರದಿಂದ ಬಿಡಿಸಿ ಮನುಷ್ಯನ ಕಣ್ಣಿಗೂ ಕೈಗೂ ಒಪ್ಪಿಸಿದ್ದರಲ್ಲಿಯೇ ಬ್ಯಾಟಿನ ಮಹತ್ವವಿದೆ.

ಇದರ ಎರಡು ಮೂಲಗಳಲ್ಲಿ ಒಂದು, ಕೈಯಿಂದ ಬೀಸುವ ನೊಣಬಡಿಗೆ. ತಂತಿಜಾಲರಿಯ ನೊಣಬಡಿಗೆಗೆ ಅಮೆರಿಕದ ರಾಬರ್ಟ್ ಮಾಂಟ್‌ಗೊಮರಿ 1900ರಲ್ಲಿ ಪೇಟೆಂಟ್ ಪಡೆದ. ಜಾಲರಿಯ ಸಂದಿಗಳಲ್ಲಿ ಗಾಳಿ ನುಸುಳಿಹೋಗುವುದರಿಂದ ಅದನ್ನು ಬೇಗ ಬೀಸಬಹುದು, ಕೀಟಕ್ಕೂ ಹೊಡೆತದ ಸುಳಿವು ತಡವಾಗಿ ಸಿಗುತ್ತದೆ. ಇಂದಿನ ಬ್ಯಾಟಿಗೂ ಈ ಲಾಭ ಬಂದಿದೆ. ಎರಡನೆಯದು ವಿದ್ಯುತ್ ದೀಪದ ಬೋನು. 1911ರಲ್ಲಿ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಡೆನ್ವರ್ ನಗರದ ಇಬ್ಬರು ಮಾಡಿದ ಇಂಥದೊಂದು ಬೋನನ್ನು ವರ್ಣಿಸಿತು: ಒಳಗೆ ಐದು ಬಲ್ಬು, ಹೊರಗೆ 450 ವೋಲ್ಟ್ ಹರಿಯುವ ತಂತಿಗಳು. ಅದು ದುಬಾರಿಯಾದ್ದರಿಂದ ಬಳಕೆಗೆ ಬರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಹರ್ಮ್ಸ್ ಹಣ್ಣಿನ ತೋಟಗಳ ರಕ್ಷಣೆಗೆಂದು ಇದೇ ಜಾಡಿನಲ್ಲಿ ದುಡಿದು 1930ರ ದಶಕದಲ್ಲಿ ಇಂಥ ಸಾಧನವೊಂದನ್ನು ಹೊರತಂದರು. ಮುಂದೆ ನೇರಳಾತೀತ ಬೆಳಕಿನ ದೀಪಗಳು ಅಮೆರಿಕದ ಹಿತ್ತಿಲುಗಳಿಗೆ ಬಂದವು. ಅವುಗಳಲ್ಲಿ ಸತ್ತ ಕೀಟಗಳನ್ನು ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧಕರು ಎಣಿಸಿ 1996ರಲ್ಲಿ ಪ್ರಕಟಿಸಿದ ಲೆಕ್ಕ ಕಣ್ಣು ತೆರೆಸುವಂಥದು. ಸತ್ತ 13,789 ಕೀಟಗಳಲ್ಲಿ ಕಚ್ಚುವಂಥವು ಬರೀ 31. ಅರ್ಧಕ್ಕೆ ಹತ್ತಿರದಷ್ಟು ಪಕ್ಕದ ಹಳ್ಳಕೊಳ್ಳಗಳಿಂದ ಹಾರಿಬಂದ ನಿರುಪದ್ರವಿಗಳು. ಬೇರೆ ಕೀಟಗಳನ್ನು ತಿಂದು ಹತೋಟಿಯಲ್ಲಿಡುವ ಜಾತಿಗಳೂ ಸಾಕಷ್ಟು ಸತ್ತಿದ್ದವು. ಇದಕ್ಕೆ ಕಾರಣ ಸರಳ: ರಕ್ತ ಹುಡುಕುವ ಹೆಣ್ಣು ಸೊಳ್ಳೆಯನ್ನು ಸೆಳೆಯುವುದು ಬೆಳಕಿಗಿಂತ ಹೆಚ್ಚಾಗಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ ಮತ್ತು ವಾಸನೆ.

ಈ ದೋಷಕ್ಕೆ ಮದ್ದು ಕೈಯಲ್ಲಿ ಹಿಡಿಯುವ ರೂಪದಲ್ಲಿತ್ತು. ಅದೇ 1996ರಲ್ಲಿ ತೈವಾನಿನ ತ್ಸಾವೊ-ಇ ಶಿಹ್ ವಿದ್ಯುತ್ ಕೀಟಬಡಿಗೆಗೆ ಅಮೆರಿಕದ ಪೇಟೆಂಟ್ ಪಡೆದ. ಇಲ್ಲಿ ಸೊಳ್ಳೆಗೆ ಆಮಿಷ ಬ್ಯಾಟು ಹಿಡಿದವನ ಮೈಯೇ. ಗುರಿ ಅವನ ಕಣ್ಣಿನದು, ಗುಂಡಿ ಒತ್ತುವವರೆಗೆ ಬಲೆ ನಿರಪಾಯ. ಒಳಗಿನ ಸರ್ಕೀಟಿಗೆ ಮಾತ್ರ ದೊಡ್ಡ ಮನೆತನವಿದೆ. ಬ್ಯಾಟರಿಯ ಮೂರು ನಾಲ್ಕು ವೋಲ್ಟನ್ನು ಒಂದು ಟ್ರಾನ್ಸಿಸ್ಟರು ಕಂಪಿಸುವ ವಿದ್ಯುತ್ತಾಗಿ ಮಾಡುತ್ತದೆ, ಪುಟ್ಟ ಟ್ರಾನ್ಸ್‌ಫಾರ್ಮರು ಅದನ್ನು ಏರಿಸುತ್ತದೆ, ಡಯೋಡು ಕೆಪಾಸಿಟರುಗಳ ಸಾಲು ಅದನ್ನು ಮತ್ತೆ ಗುಣಿಸಿ ಸಾವಿರ ವೋಲ್ಟಿನ ಆಸುಪಾಸಿಗೆ ತಲುಪಿಸುತ್ತದೆ. 1932ರಲ್ಲಿ ಕೇಂಬ್ರಿಜ್‌ನಲ್ಲಿ ಭೌತವಿಜ್ಞಾನಿಗಳಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಲಿಥಿಯಂ ಪರಮಾಣುವಿನ ಬೀಜವನ್ನು ಒಡೆಯಲು ವೋಲ್ಟೇಜು ಗುಣಿಸಿದ್ದೂ ಇದೇ ತತ್ವದಿಂದ. ಮೂರು ಪದರದ ಬಲೆಯಲ್ಲಿ ಹೊರಗಿನೆರಡು ಒಂದು ಧ್ರುವ, ನಡುವಿನದು ಇನ್ನೊಂದು; ಬೆರಳು ಹೊರಪದರದಲ್ಲೇ ತಡೆದು ನಿಲ್ಲುತ್ತದೆ, ಸೊಳ್ಳೆ ಒಳನುಗ್ಗಿ ಎರಡನ್ನೂ ಕೂಡಿಸಿ ಸುಟ್ಟುಹೋಗುತ್ತದೆ. ಚೀನಾದಲ್ಲಿ ತಯಾರಾದ ಅಗ್ಗದ ಬ್ಯಾಟುಗಳು ಭಾರತದ ಪೇಟೆಯನ್ನು ತುಂಬಿದವು. ಕೊನೆಗೆ 2021ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದಕ್ಕೆ 121 ರೂಪಾಯಿಗಿಂತ ಕಡಿಮೆ ಬೆಲೆಯವುಗಳ ಆಮದನ್ನೇ ನಿಷೇಧಿಸಿತು.

ಕಿಡಿ ಹಾರಿಸುವ ವಸ್ತು ಮನೆಯೊಳಗೆ ಅಪಾಯವಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಗ್ಯಾಸ್ ಸೋರಿದ ಅಡುಗೆಮನೆಯಲ್ಲಿ, ಉರಿಯುವ ಸ್ಪ್ರೇ ಹೊಡೆದ ಕೋಣೆಯಲ್ಲಿ ಬ್ಯಾಟು ಬೀಸಲೇಬಾರದು. ಗುಂಡಿ ಬಿಟ್ಟ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿಯುವುದರಿಂದ ಬ್ಯಾಟನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಇಷ್ಟು ಎಚ್ಚರ ವಹಿಸಿದರೆ ಸೊಳ್ಳೆಬತ್ತಿಗಿಂತ ಬ್ಯಾಟೇ ಮೇಲು ಎನ್ನಬೇಕು: ಹೊಗೆಯಿಲ್ಲ, ಉಸಿರಾಟಕ್ಕೆ ತೊಂದರೆಯಿಲ್ಲ. ಬತ್ತಿ ಮತ್ತು ದ್ರವಗಳಲ್ಲಿ ಬಳಸುವ ಪೈರೆಥ್ರಾಯ್ಡ್ ಎಂಬ ಕೀಟನಾಶಕಗಳಿಗೆ ಎಷ್ಟೋ ಕಡೆ ಸೊಳ್ಳೆಗಳು ಒಗ್ಗಿಕೊಂಡಿವೆ. ಕಿಡಿಗೆ ಹಾಗೆ ಒಗ್ಗುವ ದಾರಿಯಿಲ್ಲ.

ಒಂದೊಂದನ್ನೇ ಹೊಡೆದು ಸೊಳ್ಳೆಯ ಕಾಟ ಮುಗಿಸಲಾದೀತೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮುಗಿಸಲಾಗದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ; ಹೂಕುಂಡದ ತಟ್ಟೆ, ಹಳೇ ಟೈರು, ಮುಚ್ಚದ ಡ್ರಮ್ಮುಗಳಲ್ಲಿ ಒಂದು ಹೆಣ್ಣು ನೂರರ ಲೆಕ್ಕದಲ್ಲಿ ಮೊಟ್ಟೆಯಿಡುತ್ತದೆ. ಮಲೇರಿಯಾದ ಪರಾವಲಂಬಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ ತನ್ನ ಬಂಗಲೆಯ ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಮರಿಗಳನ್ನು ಕಂಡು ನೀರು ಚೆಲ್ಲಿಸಿ ಕಾಟ ತಗ್ಗಿಸಿಕೊಂಡಿದ್ದ. ಬ್ಯಾಟು ಮಾಡಲಾಗದ ಕೆಲಸ ಅದು. ಕೋಣೆಯೊಳಗೆ ಸೇರಿಕೊಂಡ ನಾಲ್ಕಾರು ಸೊಳ್ಳೆಗಳನ್ನು ಬೇರೆ ಜೀವಕ್ಕೆ ಹಾನಿಯಿಲ್ಲದೆ ನಿವಾರಿಸುವುದಷ್ಟೇ ಅದರ ಪಾಲು, ಅಷ್ಟನ್ನು ಚೆನ್ನಾಗಿಯೇ ಮಾಡುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗಲೂ ಕಣ್ಣಿಟ್ಟದ್ದು ಮರಿ ಹುಟ್ಟುವ ನೀರಿನ ಮೇಲೆ: ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು.