ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಬೈಲಕುಪ್ಪೆಯ ಪಠ್ಯಗಳು: ಕಡತದ ಹೆಸರನ್ನು ಕುರಿತ ಟಿಪ್ಪಣಿ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರ ನೆಲೆ 1960–61ರಲ್ಲಿ ಆರಂಭವಾಯಿತು. ಮುಂದೆ ಟಿಬೆಟಿನ ಸೆರ ಮಹಾವಿಹಾರವೂ ಇಲ್ಲಿಯೇ ಹೊಸದಾಗಿ ನೆಲೆಯೂರಿತು. ಅದರ ಸೆರ ಮೇ ವಿದ್ಯಾಲಯದಲ್ಲಿ ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್ ಎಂಬ ಯೋಜನೆ ಟಿಬೆಟಿಯನ್ ಗ್ರಂಥಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾಡಿಸಿತು. 1980ರ ದಶಕದ ಕೊನೆಯಲ್ಲಿ ಹುಟ್ಟಿದ ಈ ಯೋಜನೆಯ ಫಲ ಮೊದಲು ಫ್ಲಾಪಿಗಳಲ್ಲಿ, ಆಮೇಲೆ ಸಿಡಿಗಳಲ್ಲಿ ವಿದ್ವಾಂಸರ ಕೈ ಸೇರಿತು. ಅಂಥ ಪಠ್ಯರಾಶಿಯನ್ನು ಇಂದು ಒಂದು ಬಾಹ್ಯ ಹಾರ್ಡ್ ಡಿಸ್ಕಿಗೆ ತುಂಬಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ತೆರೆಯಬೇಕಾದರೆ ಡಿಸ್ಕನ್ನು ಹೇಗೆ ಫಾರ್ಮ್ಯಾಟ್ ಮಾಡಬೇಕು?

ಎಕ್ಸ್‌ಫ್ಯಾಟ್ ಎಂಬುದು ವಾಡಿಕೆಯ ಉತ್ತರ, ಅದು ಸರಿಯೂ ಹೌದು. ಹಳೆಯ ಫ್ಯಾಟ್32 ಎಲ್ಲೆಡೆ ಓದಿಸಿಕೊಳ್ಳುತ್ತದೆ, ಆದರೆ 4 ಜಿಬಿ ಮುಟ್ಟಿದ ಕಡತವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದು ಪ್ರವಚನದ ವಿಡಿಯೊ ಸಾಕು, ಅದು ಸೋಲಲು. ಎನ್‌ಟಿಎಫ್‌ಎಸ್ ಅನ್ನು ಮ್ಯಾಕ್ ಓದುತ್ತದೆ, ತಾನಾಗಿ ಅದರ ಮೇಲೆ ಬರೆಯುವುದಿಲ್ಲ. ಆಪಲ್‌ನ ಎಪಿಎಫ್‌ಎಸ್ ವಿಂಡೋಸಿಗೆ ಅಪರಿಚಿತ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ನ ವಿವರಣೆಯನ್ನು ಮೈಕ್ರೋಸಾಫ್ಟ್ 2019ರಲ್ಲಿ ಬಹಿರಂಗಪಡಿಸಿತು. ಅಲ್ಲಿಂದ ಲಿನಕ್ಸ್ ಕರ್ನಲ್ಲಿನಲ್ಲೂ ಅದಕ್ಕೆ ಜಾಗ ಸಿಕ್ಕಿತು.

ಇಷ್ಟಕ್ಕೇ ನಿಲ್ಲುವವರು ಮುಂದೆ ತೊಂದರೆ ಕಾಣುತ್ತಾರೆ ಎಂಬುದು ನನ್ನ ವಾದ. ಫಾರ್ಮ್ಯಾಟ್ ಡಿಸ್ಕಿನ ಬಾಗಿಲನ್ನು ತೆರೆಸುತ್ತದೆ; ಒಳಗಿನ ಕಡತಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಕಾಯುವುದು ಅವುಗಳ ಹೆಸರು.

ಸೆರ ಮೇಯಲ್ಲಿ ಬಳಕೆಯಾದ ಲಿಪ್ಯಂತರ ಕ್ರಮವನ್ನೇ ನೋಡಿ. ಯೂನಿಕೋಡಿನಲ್ಲಿ ಟಿಬೆಟಿಯನ್ ಲಿಪಿ ಈಗಿನ ರೂಪದಲ್ಲಿ ಸೇರಿದ್ದು 1996ರಲ್ಲಿ. ಅದಕ್ಕೂ ಮೊದಲೇ ಶುರುವಾದ ಈ ಯೋಜನೆ ಟಿಬೆಟಿಯನ್ನನ್ನು ರೋಮನ್ ದೊಡ್ಡಕ್ಷರಗಳಲ್ಲಿ ಬರೆಯಿತು. ಸಂಸ್ಕೃತ ಪದಗಳ ಟ, ಠ, ಡ, ಣಗಳಿಗೆ ಚಿಕ್ಕಕ್ಷರಗಳನ್ನು ಮೀಸಲಿಟ್ಟಿತು. ಅಂದರೆ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲಿ ಅಕ್ಷರಭೇದ. ಎಕ್ಸ್‌ಫ್ಯಾಟ್ ಕಡತದ ಹೆಸರಿನಲ್ಲಿ ಈ ಭೇದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಿನಕ್ಸಿನ ಎಕ್ಸ್‌ಟಿ4ನಲ್ಲಿ ಎರಡು ಕಡತಗಳಾಗಿ ಬಾಳುತ್ತಿದ್ದವು ಇಲ್ಲಿಗೆ ಬಂದಾಗ ಒಂದರ ಮೇಲೊಂದು ಬೀಳುತ್ತವೆ. ಕನ್ನಡಿಗರಿಗೂ ಈ ಅಪಾಯ ತಪ್ಪಿದ್ದಲ್ಲ. 'ಬರಹ' ತಂತ್ರಾಂಶದ ರೂಢಿಯಂತೆ ಟೈಪಿಸುವವರಿಗೆ ಚಿಕ್ಕ 'ಎಲ್' ಲಕಾರ, ದೊಡ್ಡ 'ಎಲ್' ಳಕಾರ. ಅದೇ ರೂಢಿಯಲ್ಲಿ ಕಡತಕ್ಕೂ ಹೆಸರಿಟ್ಟರೆ ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ 'ಕಲೆ'ಯೂ 'ಕಳೆ'ಯೂ ಒಂದೇ.

ಆದರೆ ಸೆರ ಮೇ ಯೋಜನೆಯವರು ಗ್ರಂಥದ ಶೀರ್ಷಿಕೆಯನ್ನು ಕಡತದ ಹೆಸರಾಗಿಸಲಿಲ್ಲ. ಬುದ್ಧವಚನಗಳ ಸಂಗ್ರಹವಾದ ಕಂಗ್ಯುರ್‌ಗೆ 'ಕೆ', ಅವುಗಳ ವ್ಯಾಖ್ಯಾನಗಳ ಸಂಗ್ರಹವಾದ ತೆಂಗ್ಯುರ್‌ಗೆ 'ಟಿ', ಆಚಾರ್ಯರ ಸಮಗ್ರ ಕೃತಿಗಳಾದ ಸುಂಗ್‌ಬುಮ್‌ಗೆ 'ಎಸ್' ಎಂದು ಮೊದಲಕ್ಷರ ಇಟ್ಟು ಮುಂದೆ ಸೂಚಿಸಂಖ್ಯೆ ಬರೆದರು. ಡಾಸ್ ಕಾಲದ ಎಂಟಕ್ಷರದ ಮಿತಿಯೂ ಹೀಗೆ ಬರೆಯಲು ಒತ್ತಾಯಿಸಿರಬೇಕು. ಕಾರಣ ಏನೇ ಇರಲಿ, ಫ್ಲಾಪಿಯಿಂದ ಇವತ್ತಿನ ಡಿಸ್ಕಿನವರೆಗೆ ಯಾವ ಕಡತವ್ಯವಸ್ಥೆಯೂ ಅಂಥ ಹೆಸರನ್ನು ಕೆಡಿಸಲಾರದು.

ಸ್ವಂತ ಲಿಪಿಯಲ್ಲಿ ಹೆಸರಿಟ್ಟರೆ ತೊಡಕು ಬೇರೆ ಬಗೆಯದು. ಎಕ್ಸ್‌ಫ್ಯಾಟ್‌ನಲ್ಲಿ ಹೆಸರಿನ ಮಿತಿ ಯುಟಿಎಫ್-16ರ 255 ಘಟಕ. ಎಕ್ಸ್‌ಟಿ4ನಲ್ಲಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡ, ಟಿಬೆಟಿಯನ್ ಎರಡರ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಆದ್ದರಿಂದ ಎಕ್ಸ್‌ಟಿ4ನಲ್ಲಿ 85 ಸಂಕೇತಗಳಿಗೇ ಹೆಸರು ಮುಗಿಯುತ್ತದೆ, ಒತ್ತು ಮತ್ತು ಸ್ವರಚಿಹ್ನೆಗಳೂ ಈ ಲೆಕ್ಕದೊಳಗೇ ಬರುತ್ತವೆ. ಟಿಬೆಟಿಯನ್ ಗ್ರಂಥಗಳ ಪೂರ್ಣ ಶೀರ್ಷಿಕೆಗಳ ಉದ್ದ ಬಲ್ಲವರಿಗೆ ಇದು ಎಷ್ಟು ಬೇಗ ತೀರುತ್ತದೆ ಎಂದು ಹೇಳಬೇಕಿಲ್ಲ.

'ಬೈಲಕುಪ್ಪೆ' ಎಂಬ ಹೆಸರಿನ ಫೋಲ್ಡರೇ ಇನ್ನೊಂದು ಉದಾಹರಣೆ. ಸಾಮಾನ್ಯ ಟೈಪಿಂಗ್‌ನಲ್ಲಿ ಅದು 9 ಸಂಕೇತ, 27 ಬೈಟ್. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಇಡುತ್ತದೆ: ಐತ್ವದ ಒಂದು ಸಂಕೇತ ಎತ್ವ ಮತ್ತು ಅದರ ಬಾಲ ಎಂದು ಎರಡಾಗಿ, ಒಟ್ಟು 10 ಸಂಕೇತ, 30 ಬೈಟ್ ಆಗುತ್ತದೆ. ಬೈಟುಗಳನ್ನು ಇದ್ದಂತೆಯೇ ನಂಬುವ ಎಕ್ಸ್‌ಟಿ4ಗೆ ಅದೇ ರೂಪದಲ್ಲಿ ಹೋದರೆ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು 'ಬೈಲಕುಪ್ಪೆ'ಗಳು ಪಕ್ಕಪಕ್ಕದಲ್ಲಿ ಕೂರುತ್ತವೆ. ಹುಡುಕಿದರೆ ಸಿಗುವುದು ಒಂದೇ.

ಗಾತ್ರದ ಮಾತೂ ಇದೆ. 32 ಜಿಬಿ ಮೀರಿದ ಡಿಸ್ಕನ್ನು ವಿಂಡೋಸ್ ಎಕ್ಸ್‌ಫ್ಯಾಟ್ ಮಾಡುವಾಗ ಸಾಮಾನ್ಯವಾಗಿ 128 ಕೆಬಿಯ ತುಂಡುಗಳಾಗಿ ವಿಂಗಡಿಸುತ್ತದೆ. ಎಷ್ಟೇ ಚಿಕ್ಕ ಕಡತಕ್ಕೂ ಒಂದು ಇಡೀ ತುಂಡು ಬೇಕು. ಸ್ಕ್ಯಾನ್ ಮಾಡಿದ ಚಿತ್ರಗಳಿಗೆ ಇದು ನಷ್ಟವೇನಲ್ಲ. ಆದರೆ ಪುಟಕ್ಕೊಂದರಂತೆ 2 ಕೆಬಿಯ 10,000 ಪಠ್ಯಕಡತಗಳಿದ್ದರೆ 20 ಎಂಬಿಯ ಸರಕು 1.28 ಜಿಬಿ ಜಾಗ ತಿನ್ನುತ್ತದೆ. ಮ್ಯಾಕ್ ತನ್ನ ಮಾಹಿತಿಗೆಂದು ಚುಕ್ಕೆ-ಅಡಿಗೆರೆಯಿಂದ ಶುರುವಾಗುವ ಜೊತೆಕಡತಗಳನ್ನು ಸೇರಿಸಿದರೆ ಅವಕ್ಕೂ ಅದೇ ಬೆಲೆ.

ಎಕ್ಸ್‌ಫ್ಯಾಟ್‌ಗೆ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ, ಇಲ್ಲ ಎಂಬುದನ್ನೂ ಮರೆಯಬಾರದು. ಬರೆಯುತ್ತಿರುವಾಗ ಕರೆಂಟು ಹೋದರೆ, ಇಲ್ಲವೇ ಯಾರಾದರೂ ಕೇಬಲ್ ಎಳೆದರೆ, ಕಡತಗಳ ಜಾಗ ಹೇಳುವ ಕೋಷ್ಟಕ ಕೆಡುವ ಸಂಭವ ಹೆಚ್ಚು. ಹೀಗಾಗಿ ಅದನ್ನು ಸಾಗಣೆಯ ಡಿಸ್ಕಾಗಿ ಮಾತ್ರ ಬಳಸಿ, ಮೂಲಪ್ರತಿಯನ್ನು ಎಕ್ಸ್‌ಟಿ4 ಅಥವಾ ಎನ್‌ಟಿಎಫ್‌ಎಸ್‌ನಂಥ ಜರ್ನಲ್ ಇರುವ ಡಿಸ್ಕಿನಲ್ಲಿ ಇಡುವುದು ಮೇಲು. ಪಠ್ಯಗಳನ್ನು ಸಂಪುಟಕ್ಕೊಂದು ಜಿಪ್ ಮಾಡಿ, ಚಿಕ್ಕ ರೋಮನ್ ಅಕ್ಷರ ಮತ್ತು ಅಂಕಿಯಲ್ಲಿ ಹೆಸರಿಟ್ಟು, ಪೂರ್ಣ ಶೀರ್ಷಿಕೆಯನ್ನು ಒಂದು ಯುಟಿಎಫ್-8 ಪಟ್ಟಿಯಲ್ಲಿ ಬರೆಯಬಹುದು. ಅದೇ ಪಟ್ಟಿಯಲ್ಲಿ ಪ್ರತಿ ಜಿಪ್ಪಿನ ಎಸ್‌ಎಚ್‌ಎ-256 ಮೊತ್ತವನ್ನೂ ನಮೂದಿಸಿದರೆ, ಪ್ರತಿ ಸರಿಯಾಗಿ ಇಳಿದಿದೆಯೇ ಎಂದು ಮೂರು ವ್ಯವಸ್ಥೆಗಳಲ್ಲೂ ಪರೀಕ್ಷಿಸಬಹುದು.