ರಿಕಾಪಿಲ್ಲದ ಸವಾರ, ನಾಲ್ಕು ಕೊಂಬಿನ ಜೀನು

ಕುದುರೆ ಸವಾರ ಪಾದ ಊರಲೆಂದು ಜೀನಿನ ಎರಡೂ ಬದಿಗೆ ತೂಗುಬಿಡುವ ಲೋಹದ ಬಳೆಯೇ ರಿಕಾಪು. ಅದಿಲ್ಲದೆ ಓಡುವ ಕುದುರೆಯ ಮೇಲೆ ಕೂತು ಕತ್ತಿ ಬೀಸುವುದನ್ನು ಇಂದಿನವರು ಊಹಿಸಿಕೊಳ್ಳುವುದೂ ಕಷ್ಟ. ಆದರೆ ಯೂರೋಪು, ಉತ್ತರ ಆಫ್ರಿಕ, ಪಶ್ಚಿಮ ಏಷ್ಯಗಳನ್ನು ಆಳಿದ ರೋಮನ್ನರ ಅಶ್ವದಳಕ್ಕೆ ರಿಕಾಪು ಗೊತ್ತೇ ಇರಲಿಲ್ಲ. ನಮ್ಮ ಸಾಂಚಿಯ ಶಿಲ್ಪಗಳಲ್ಲಿ ಸವಾರನ ಕಾಲಿಗೆ ಕುಣಿಕೆಯಂಥ ಆಸರೆ ಕಾಣುತ್ತದೆ. ಯೂರೋಪಿನಲ್ಲಿ ರಿಕಾಪಿನ ಬಳಕೆ ಹರಡಿದ್ದು ಕ್ರಿ.ಶ. ಆರು, ಏಳನೆಯ ಶತಮಾನಗಳ ನಂತರ.

ಹಾಗಾದರೆ ರೋಮನ್ ಸವಾರ ಹೇಗೆ ಹೋರಾಡಿದ? ಬಹುಕಾಲ ಇತಿಹಾಸಕಾರರು ಕೊಟ್ಟ ಉತ್ತರ, ಆತ ಅಷ್ಟಾಗಿ ಹೋರಾಡಲಾರದವನಾಗಿದ್ದ ಎಂಬುದು. ಅಮೆರಿಕದ ವಿದ್ವಾಂಸ ಲಿನ್ ವೈಟ್ 1962ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇನ್ನೂ ಮುಂದಕ್ಕೆ ಹೋದರು. ಸವಾರನೂ ಕುದುರೆಯೂ ಒಂದಾಗಿ ಭರ್ಜಿಯಿಂದ ಅಪ್ಪಳಿಸುವ ಯುದ್ಧಕ್ರಮ ರಿಕಾಪಿನಿಂದಲೇ ಸಾಧ್ಯವಾಯಿತು, ಮಧ್ಯಯುಗದ ಊಳಿಗಮಾನ್ಯ ವ್ಯವಸ್ಥೆ ಹುಟ್ಟಿದ್ದೂ ಅದರಿಂದಲೇ ಎಂಬುದು ಅವರ ವಾದ. ಅನೇಕ ಇತಿಹಾಸಕಾರರು ಇದನ್ನು ಟೀಕಿಸಿದರೂ ರಿಕಾಪಿಲ್ಲದ ಸವಾರ ದುರ್ಬಲನೆಂಬ ನಂಬಿಕೆ ಮಾತ್ರ ಉಳಿಯಿತು.

ಆ ನಂಬಿಕೆಯನ್ನು ಅಲುಗಿಸಿದ್ದು ಹೊಸ ಶಾಸನವಲ್ಲ, ಒಂದು ಜೀನು. ಸ್ಕಾಟ್ಲೆಂಡಿನ ನ್ಯೂಸ್ಟೆಡ್‌ನ ರೋಮನ್ ಕೋಟೆಯಲ್ಲಿ 1905ರಿಂದ 1910ರವರೆಗೆ ನಡೆದ ಉತ್ಖನನದಲ್ಲಿ ಕೊಂಬಿನಾಕಾರದ ಕಂಚಿನ ತಗಡುಗಳು ಸಿಕ್ಕಿದ್ದವು. ನೆದರ್ಲೆಂಡ್ಸ್‌ನ ವಾಲ್ಕೆನ್‌ಬರ್ಗ್‌ನಲ್ಲಿ ಜೀನಿನ ತೊಗಲಿನ ಹೊದಿಕೆ ದೊರಕಿತು. ರೈನ್ ನದಿಯ ಕಡೆಯ ಸೈನಿಕರ ಸಮಾಧಿಕಲ್ಲುಗಳ ಮೇಲೆ ಕೊಂಬುಳ್ಳ ಜೀನಿನ ಚಿತ್ರಣವಿತ್ತು. ಇಂಗ್ಲೆಂಡಿನ ಚಿತ್ರಕಾರ ಹಾಗೂ ಇತಿಹಾಸಕಾರ ಪೀಟರ್ ಕಾನಲಿ (1935-2012) ಇವನ್ನೆಲ್ಲ ಜೋಡಿಸಿ, ಮರದ ಚೌಕಟ್ಟಿನ ಮೇಲೆ ತೊಗಲು ಬಿಗಿದು ಜೀನೊಂದನ್ನು ಮಾಡಿಸಿದರು. ಅದರ ಮುಂದಿನ ಎರಡು ಕೊಂಬು ಸವಾರನ ತೊಡೆಗಳನ್ನು ಮೇಲಿನಿಂದ ಒತ್ತಿ ಹಿಡಿಯುತ್ತವೆ. ಹಿಂದಿನ ಎರಡು ಸೊಂಟದ ಕೆಳಭಾಗಕ್ಕೆ ಆಸರೆ ಕೊಡುತ್ತವೆ. ಸವಾರರು ಅದರ ಮೇಲೆ ಕೂತು ಪಕ್ಕಕ್ಕೆ ಬಾಗಿದರು, ಕತ್ತಿ ಬೀಸಿದರು, ಈಟಿ ಎಸೆದರು, ಬೀಳಲಿಲ್ಲ. ಕುದುರೆ ಪಳಗಿಸುವುದರಲ್ಲಿ ನುರಿತಿದ್ದ ಲೇಖಕಿ ಆನ್ ಹೈಲಂಡ್, ರೋಮನ್ ಅಶ್ವದಳದ ತರಬೇತಿಯನ್ನು ಸವಾರಿಯ ಅನುಭವದಿಂದಲೇ ಒರೆಗೆ ಹಚ್ಚಿ 1993ರಲ್ಲಿ ಪುಸ್ತಕ ಬರೆದರು.

ಹೀಗೆ ವೇಷ ಕಟ್ಟಿ ಇತಿಹಾಸವನ್ನು ಮತ್ತೆ ಆಡಿ ತೋರಿಸುವುದು ಬರಿಯ ಜಾತ್ರೆಯ ಮನರಂಜನೆಯಲ್ಲ ಎಂಬುದು ಸಿದ್ಧವಾಯಿತು. ಆದರೆ ಈ ಪ್ರಯೋಗ ಸಾಧಿಸಿದ್ದು ಏನನ್ನು? 'ಹೀಗೆ ಮಾಡಲು ಸಾಧ್ಯವಿತ್ತು' ಎಂಬುದನ್ನು. 'ಹೀಗೆಯೇ ಮಾಡುತ್ತಿದ್ದರು' ಎಂಬುದು ಬೇರೆ ಮಾತು. ಜೀನಿನ ಒಳಗೆ ಕಾನಲಿ ಊಹಿಸಿದ ಮರದ ಚೌಕಟ್ಟು ಇತ್ತೇ ಅಥವಾ ತೊಗಲಿನೊಳಗೆ ಬರಿಯ ತುಂಬುವ ಸಾಮಗ್ರಿ ಇತ್ತೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಕುದುರೆಯೂ ಅದೇ ಅಲ್ಲ. ಉತ್ಖನನದಲ್ಲಿ ಸಿಕ್ಕ ಮೂಳೆಗಳ ಪ್ರಕಾರ ರೋಮನ್ ಸೈನ್ಯದ ಕುದುರೆಗಳ ಭುಜದ ಎತ್ತರ ಹೆಚ್ಚಾಗಿ 130ರಿಂದ 150 ಸೆಂಟಿಮೀಟರ್. ಇಂದಿನ ಸವಾರಿ ಕುದುರೆಗಳಲ್ಲಿ ಹಲವು 160 ದಾಟುತ್ತವೆ. ಎಳವೆಯಿಂದ ರಿಕಾಪಿನಲ್ಲೇ ಕಾಲಿಟ್ಟು ಕಲಿತ ಸವಾರನ ಮೈ ಕೂಡ ರೋಮನ್ ಸವಾರನ ಮೈಯಲ್ಲ.

ಇನ್ನೊಂದು ತೊಡಕು ಕುದುರೆಯ ಬಾಯಿಯದು. ರೋಮನ್ ಕಡಿವಾಣಗಳಲ್ಲಿ ಕೆಲವು ಬಹಳ ಕಠೋರವಾದವು. ಅಸಲಿಯಾಗಿರಲಿ ಎಂಬ ಹಟಕ್ಕೆ ಅಂಥದನ್ನು ಇಂದಿನ ಕುದುರೆಗೆ ತೊಡಿಸಬೇಕೆ? ಉಡುಗೆಯ ಹೊಲಿಗೆಯಲ್ಲಿ ರಾಜಿ ಬೇಡವೆನ್ನಬಹುದು. ಮೂಕಪ್ರಾಣಿಯ ನೋವಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳುವುದೇ ಸರಿ. ಹಾಗೆ ಮಾಡಿಕೊಂಡದ್ದನ್ನು ನೋಡುಗರಿಗೆ ತಿಳಿಸಿದರಾಯಿತು.

2017ರ ಜುಲೈಯಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ 30 ಸವಾರರು ಸೇರಿ ರೋಮನ್ ಅಶ್ವದಳದ ಕವಾಯತನ್ನು ಪ್ರದರ್ಶಿಸಿದರು. ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ ಗೋಡೆಯ ಮೇಲಿನ ಅತಿ ದೊಡ್ಡ ಅಶ್ವದಳ ಬೀಡುಬಿಟ್ಟಿದ್ದು ಆ ಊರಿನ ಪಕ್ಕದಲ್ಲೇ. ಪ್ರದರ್ಶನಕ್ಕೆ ಆಧಾರ, ಕಪಡೋಕಿಯದ ರಾಜ್ಯಪಾಲನಾಗಿದ್ದ ಏರಿಯನ್ ಕ್ರಿ.ಶ. 136ರ ಸುಮಾರಿಗೆ ಬರೆದಿಟ್ಟ ವಿವರಣೆ. ಚಿನ್ನದ ಲೇಪದ ಮುಖವಾಡದ ಶಿರಸ್ತ್ರಾಣ, ಕಬ್ಬಿಣದ ಮೊನೆಯಿಲ್ಲದ ಈಟಿ, ಬಣ್ಣ ಬಳಿದ ಹಗುರ ಗುರಾಣಿ, ಓಡುವ ಕುದುರೆಯ ಮೇಲೆ ಕವಚ ತೊಟ್ಟೇ ನೆಗೆದು ಕೂರುವ ಚಮತ್ಕಾರ, ಎಲ್ಲವೂ ಅದರಲ್ಲಿದೆ. ಗಮನಿಸಬೇಕಾದದ್ದೆಂದರೆ, ಏರಿಯನ್ ವರ್ಣಿಸಿದ್ದು ಯುದ್ಧವನ್ನಲ್ಲ. ತರಬೇತಿಯ ಜೊತೆಗೆ ನೋಡುಗರ ಕಣ್ಣಿಗೂ ಹಬ್ಬವಾಗಲೆಂದು ನಡೆಸುತ್ತಿದ್ದ ಪಂದ್ಯವನ್ನು. ಆಗಲೂ ಅದು ಪ್ರದರ್ಶನವೇ. ಅದನ್ನು ಪ್ರದರ್ಶನವೆಂದೇ ತೋರಿಸಿದರೆ ಅಸಲಿಗೆ ಹತ್ತಿರ. ರಣರಂಗವೆಂದು ತೋರಿಸಿದರೆ ಎಷ್ಟೇ ನಿಖರವಾದ ಶಿರಸ್ತ್ರಾಣ ತೊಟ್ಟರೂ ಸುಳ್ಳು.

ಗುಂಡಿ, ಪಟ್ಟಿ, ಬಣ್ಣಗಳ ಲೆಕ್ಕದಿಂದ ಮಾತ್ರ ಅಸಲುತನವನ್ನು ಅಳೆಯಲಾಗದು. ಯಾವುದಕ್ಕೆ ಆಧಾರವಿದೆ, ಯಾವುದು ಊಹೆ, ಯಾವುದನ್ನು ಬೇಕೆಂದೇ ಬಿಟ್ಟಿದೆ ಎಂದು ಬೇರ್ಪಡಿಸಿ ಹೇಳುವ ಪ್ರದರ್ಶನ ಇತಿಹಾಸಕ್ಕೆ ಉಪಕಾರಿ. ಕಾನಲಿಯ ಜೀನು ಒಂದು ಹಳೆಯ ತಪ್ಪನ್ನು ಅಲುಗಿಸಿತು. ಅದರ ಒಳಗಿನ ಮರವೂ ಪ್ರಶ್ನೆಗೆ ತೆರೆದೇ ಇದೆ ಎಂಬುದನ್ನು ಮರೆತರೆ ಅದರಿಂದಲೇ ಇನ್ನೊಂದು ತಪ್ಪು ಬೇರೂರಬಹುದು.