ಹಳೆಯ ಬೈಸಿಕಲ್ಲು, ಹೊಸ ಭಾಗಗಳು

1913ನೆಯ ಇಸವಿಯ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಯೂಜೀನ್ ಕ್ರಿಸ್ತಾಫ್ ಎಂಬ ಸವಾರನು ಪಿರನೀಸ್ ಪರ್ವತದ ಟೂರ್ಮಲೆ ಘಟ್ಟವನ್ನು ಇಳಿಯುತ್ತಿದ್ದಾಗ ಅವನ ಬೈಸಿಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಪರರ ನೆರವನ್ನು ಪಡೆಯಕೂಡದೆಂಬುದು ಆ ಪಂದ್ಯದ ಕಟ್ಟಳೆ; ಬೇರೊಂದು ಫೋರ್ಕನ್ನು ತರಿಸಿ ಜೋಡಿಸಿಕೊಳ್ಳುವಂತಿರಲಿಲ್ಲ. ಗಾಡಿಯನ್ನು ಹೊತ್ತು ಹಲವು ಮೈಲಿ ನಡೆದು, ಸೇಂಟ್ ಮರೀ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆಯಲ್ಲಿ ಅವನು ತಾನೇ ಸುತ್ತಿಗೆ ಹಿಡಿದು ಅದನ್ನು ಬೆಸೆದನು. ತಿದಿಯೊತ್ತಲು ಹುಡುಗನೊಬ್ಬನು ಕೈಗೂಡಿಸಿದನೆಂದು ಪಂದ್ಯದ ಅಧಿಕಾರಿಗಳು ಅದಕ್ಕೂ ದಂಡ ವಿಧಿಸಿದರು! ಗಂಟೆಗಟ್ಟಲೆ ಹೊತ್ತು ಕಳೆದುಹೋಗಿ ಗೆಲುವು ಕೈತಪ್ಪಿತು.

ಸವೆದುದನ್ನು ಕಳಚಿ ಅದೇ ಅಳತೆಯ ಇನ್ನೊಂದನ್ನು ಕೂಡಿಸುವುದು ನಮಗೆ ಇಂದು ತೀರ ಸಹಜವಾದ ಕಾರ್ಯ. ಆದರೆ ಈ ಸೌಕರ್ಯವು ಬೈಸಿಕಲ್ಲಿನೊಡನೆಯೇ ಹುಟ್ಟಿದುದಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಗಾಳಿ ತುಂಬಿದ ಟೈರನ್ನು ನಿರ್ಮಿಸಿದನಷ್ಟೆ. ಅದನ್ನು ಚಕ್ರದ ಅಂಚಿಗೆ ಅಂಟಿಸುತ್ತಿದ್ದುದರಿಂದ, ಒಂದು ಮುಳ್ಳು ನೆಟ್ಟರೆ ರಿಪೇರಿಗೆ ಗಂಟೆಗಳು ಬೇಕಾಗುತ್ತಿದ್ದುವು. ಮಿಶೆಲಿನ್ ಸೋದರರು ಕಳಚಿ ಹಾಕಬಹುದಾದ ಟೈರನ್ನು ತಂದರು. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಶಾರ್ಲ್ ತೆರಾಂ ಅದರ ಮೇಲೆಯೇ ಗೆದ್ದನು. ಗಾಳಿಯ ಟೈರು ಜನಸಾಮಾನ್ಯರಿಗೆ ದಕ್ಕಿದುದು ಆ ಬಳಿಕವೇ ಎಂದು ನಮ್ಮ ಅಭಿಪ್ರಾಯ.

ಚೈನಿನ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಹಾನ್ಸ್ ರೆನಾಲ್ಡನು 1880ರಲ್ಲಿ ಬುಷ್ಷು ಮತ್ತು ರೋಲರುಗಳುಳ್ಳ ಚೈನನ್ನು ರೂಪಿಸಿದನು. ಐದು ವರ್ಷಗಳ ತರುವಾಯ ಸ್ಟಾರ್ಲಿಯ 'ರೋವರ್' ಗಾಡಿಯು ಚೈನಿನಿಂದ ಹಿಂದಿನ ಚಕ್ರವನ್ನು ತಿರುಗಿಸುವ ಮಾದರಿಯನ್ನು ನೆಲೆಗೊಳಿಸಿತು. ಕ್ರಮೇಣ ಕೀಲಿನಿಂದ ಕೀಲಿಗೆ ಅರ್ಧ ಅಂಗುಲವೆಂಬ ಅಳತೆ ರೂಢಿಯಾಯಿತು. ಹಿಂದಿನ ಹಲ್ಲುಚಕ್ರಗಳು ಒಂದರಿಂದ ಹನ್ನೆರಡಕ್ಕೆ ಏರಿ ಚೈನು ತೆಳುವಾಗಿದ್ದರೂ ಆ ಅರ್ಧ ಅಂಗುಲ ಇಂದಿಗೂ ಕದಲಿಲ್ಲ.

ಚೈನು 'ಹಿಗ್ಗಿತು' ಎಂದು ಹೇಳುವುದು ವಾಡಿಕೆ. ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಕೀಲಿನ ಪಿನ್ನೂ ಬುಷ್ಷೂ ಒಂದನ್ನೊಂದು ತೇಯುತ್ತವೆ. ಹೊಸ ಚೈನಿನಲ್ಲಿ ಇಪ್ಪತ್ತನಾಲ್ಕು ಕೀಲುಗಳ ಅಂತರ ಸರಿಯಾಗಿ ಹನ್ನೆರಡು ಅಂಗುಲ. ಅದು ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ಬೆಳೆದರೆ ಚೈನನ್ನು ಬದಲಿಸತಕ್ಕದ್ದು. ಎಂಟನೆಯ ಒಂದು ಪಾಲಾಗುವ ತನಕ ಬಿಟ್ಟರೆ ಚಕ್ರದ ಹಲ್ಲುಗಳೂ ಅದರೊಡನೆ ಸವೆದು, ಎರಡಕ್ಕೂ ದುಡ್ಡು ತೆರಬೇಕಾಗುತ್ತದೆ.

ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಬಹುಕಾಲ ತುಳಿದ ನಮ್ಮ ಗಾಡಿಗೆ ಒಮ್ಮೆ ಹೊಸ ಚೈನನ್ನು ಮಾತ್ರ ಹಾಕಿಸಿ, ಹಳೆಯ ಫ್ರೀವೀಲನ್ನು ಹಾಗೆಯೇ ಉಳಿಸಿಕೊಂಡೆವು. ಅಂಗಡಿಯವನು ಎಚ್ಚರಿಸಿದ್ದನು, ಅವನಿಗೆ ವ್ಯಾಪಾರದ ಆಸೆಯೆಂದು ಬಗೆದೆವು. ಮೊದಲನೆಯ ಏರಿನಲ್ಲಿಯೇ ನಿಂತು ತುಳಿಯಲು ಚೈನು ಹಲ್ಲಿನ ಮೇಲಿಂದ ಹಾರಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. ಕುಂಟುತ್ತ ಗಾಡಿಯನ್ನು ತಳ್ಳಿಕೊಂಡು ಅದೇ ಅಂಗಡಿಗೆ ಹಿಂದಿರುಗಿದೆವು. ಅವನು ಏನೂ ನುಡಿಯದೆ ಫ್ರೀವೀಲು ಕಳಚುವ ಉಪಕರಣವನ್ನು ಕೈಗೆತ್ತಿಕೊಂಡನು.